ಅರ ಜಾರಿದ ಗುರುತು

ಚಿಂತಾಮಣಿಯ ಟೊಮೆಟೊ ಮಂಡಿಯ ಹಿಂದಿನ ಗಲ್ಲಿ.
ನ್ಯಾಮತುಲ್ಲಾ ಸಾಬರ ಸ್ಪ್ರೇಯರ್ ರಿಪೇರಿ ಅಂಗಡಿ.
ಅಂಗಡಿ ಎಂದರೆ ಒಂದು ಬೇವಿನ ಮರ, ಒಂದು ವೈಸು,
ಡಾಲ್ಡಾ ಡಬ್ಬದ ತುಂಬ ಹಿತ್ತಾಳೆ ಮೂತಿಗಳು.
ಹದಿನೈದು ರೂಪಾಯಿ ಕೊಟ್ಟು
ಹಳೆಯದೊಂದನ್ನು ತಂದೆ.

ನಿನ್ನ ಓದು ಯಾವುದರ ಮೇಲೆ ಎಂದವರಿಗೆ
ಹೀಗೆ ಹೇಳುತ್ತೇನೆ:
ಒಂದು ತೂತಿನಿಂದ ನೀರು ಚಿಮ್ಮುತ್ತದೆ,
ನೀರಿನೊಳಕ್ಕೇ.
ಎಷ್ಟು ದೂರ ನೆಟ್ಟಗೆ ಹೋಗಿ
ಎಲ್ಲಿ ಮನಸ್ಸು ಬದಲಿಸುತ್ತದೆ,
ಅದನ್ನು ಮುಂಚೆಯೇ ಹೇಳಬೇಕು. ಆಮೇಲೆ
ನಾವು ಹೇಳಿದ ಕಡೆಯೇ ಬದಲಿಸುವಂತೆ
ಒಲಿಸಬೇಕು.
ನೆನೆದ ಅವರೆಕಾಳು ಹಿತುಕುತ್ತಿದ್ದ ಅತ್ತೆ
"ಇದಕ್ಕೆ ಆರು ವರ್ಷವಾ?" ಎಂದರು.
ಅವರ ಬೆರಳ ಸಂದಿಯಿಂದ ಜಿಗಿದ ಕಾಳೊಂದು
ನನ್ನ ಕೀಬೋರ್ಡಿನ ಕೆಳಗೆ ಹೋಗಿ ಸೇರಿತು.

ಮೂರು ಕೋಟಿ ಅರವತ್ತು ಲಕ್ಷ ಕೋಣೆ ಕಟ್ಟಿದೆ,
ಮೂತಿಯ ಬಳಿ ರಾಗಿಗಿಂತ ಸಣ್ಣವು,
ಆಚೆ ಹೋದಂತೆ ಹುರುಳಿ, ಅವರೆ.
ಪ್ರತಿ ಕೋಣೆಗೂ ಅದೇ ವಿಚಾರಣೆ:
ಪಕ್ಕದವರಿಂದ ಎಷ್ಟು ಬಂತು,
ಪಕ್ಕದವರಿಗೆ ಎಷ್ಟು ಕೊಟ್ಟೆ?
ಲೆಕ್ಕ ಸರಿಹೋಗುವ ತನಕ
ಗಡಿಯಾರ ಒಂದು ಕೂದಲೆಳೆಯಷ್ಟೂ ಮುಂದೆ ಸರಿಯದು.
ಕೋಣೆಗೂ ಸಿಗದ ಪುಡಿ ಸುಳಿಗಳಿಗೆ
ಒಂದು ಅಂದಾಜು, ದನದ ಸಂತೆಯಲ್ಲಿ
ಟವಲಿನಡಿ ಬೆರಳು ಮುಟ್ಟಿ ದರ ಕುದುರಿಸಿದ ಹಾಗೆ.

ಮೊದಲ ಸಲ ನಾಲ್ಕನೇ ರಾತ್ರಿ
"ಸಂಖ್ಯೆಯಲ್ಲ, ಸಂಖ್ಯೆಯಲ್ಲ, ಸಂಖ್ಯೆಯಲ್ಲ" ಎಂದು
ಪರದೆಯ ತುಂಬ ಬರೆದು ಸತ್ತಿತು.
ಎರಡನೇ ಸಲ ಸಾಯಲಿಲ್ಲ.
ಆದರೆ ಧಾರೆ
ಅಂಬಾಜಿದುರ್ಗದ ಬಂಡೆಗೆ ಇಳಿಸಿದ ಹಾರೆಯ ಹಾಗೆ
ಈ ತುದಿಯಿಂದ ಆ ತುದಿಗೆ ನೆಟ್ಟಗೆ.
ಸುಳಿ ಇಲ್ಲ. ಸುಳಿವೂ ಇಲ್ಲ.
ಇಂಥ ನೀರನ್ನು ಭೂಮಿಯ ಮೇಲೆ
ಯಾರಾದರೂ ಕಂಡಿದ್ದಾರೆಯೇ?

ಮೀನು ಸತ್ತು ಖಾಲಿಯಾಗಿದ್ದ ಗಾಜಿನ ತೊಟ್ಟಿಯಲ್ಲಿ
ಸಾಬರ ಮೂತಿ ಮುಳುಗಿಸಿ
ಬಟ್ಟೆಗೆ ಹಾಕುವ ನೀಲಿ ಬಿಟ್ಟೆ.
ಬೆರಳುದ್ದ ಹೋಗಿರಲಿಲ್ಲ,
ನೀಲಿ ಕವಲೊಡೆಯಿತು, ಹೂಕೋಸಾಯಿತು,
ತನ್ನನ್ನು ತಾನೇ ಮಡಚಿಕೊಂಡು, ಬಿಚ್ಚಿ, ಮತ್ತೆ ಮಡಚಿ
ಕೊನೆಗೆ ತೊಟ್ಟಿಯೇ ತಿಳಿನೀಲಿ.

ಭೂತಗನ್ನಡಿ ಹಿಡಿದೆ.
ಮೂತಿಯ ತುಟಿಯ ಮೇಲೆ ಒಂದು ಗೀರು,
ಅಕ್ಕಿಯ ನುಚ್ಚಿನಷ್ಟು.
ಹರಿವನ್ನು ಹತೋಟಿಗೆ ತರಲು
ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ
ತುಟಿಗೆ ಹಲ್ಲು ಕೊರೆಯುತ್ತಾರೆ, ಎಸಳು ಕೊರೆಯುತ್ತಾರೆ.
ಇಲ್ಲಿ ಬೇವಿನ ಮರದ ಕೆಳಗೆ ಇದು!

ಓಡಿದೆ.
"ಸಾಬರೇ, ಈ ಗೀರು ಏನು ಉಪಾಯ?"
ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ
ಬಹಳ ಹೊತ್ತು ನೋಡಿದರು.
"ಉಪಾಯ ಎಲ್ಲಿಂದ ಬರ್ಬೇಕಮ್ಮ,
ಅರ ಜಾರೈತೆ.
ಇದು ಕೆಟ್ಟ ಮಾಲು, ನಿಮಗೆ ಗೊತ್ತಾಗದೆ ಕೊಟ್ಬಿಟ್ಟೆ"
ಎಂದು ಹದಿನೈದು ರೂಪಾಯಿ ತೆಗೆದು
ವೈಸಿನ ಮೇಲಿಟ್ಟರು.
ನಾನು ಮೂತಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ.
ನಕ್ಕು ಕೇಳಿದರು,
"ಯಾಕೆ, ನಿಮ್ಮ ಕಂಪ್ಯೂಟರ್ಗೆ ಕೈ ಜಾರಲ್ವಾ?"

ಜಾರುವುದಿಲ್ಲ.
ಅದೇ ಅದರ ರೋಗ.

ಆ ರಾತ್ರಿ ಒಳಬರುವ ನೀರಿಗೆ
ನೂರಕ್ಕೆ ಎರಡು ಪಾಲು ನಡುಕ ಸೇರಿಸಿದೆ,
ಹೇಗೆಂದರೆ ಹಾಗೆ, ಪಗಡೆಯ ದಾಳ ಉರುಳಿಸಿದಂತೆ.
ಗೀರನ್ನೂ ಕೊರೆದೆ, ನುಚ್ಚಿನಷ್ಟೇ.
ನಡುವೆ ಎರಡು ಸಲ ಕರೆಂಟು ಹೋಯಿತು,
ಯುಪಿಎಸ್ ಕಿರುಚಿತು,
ಹನ್ನೊಂದನೆಯ ಬೆಳಗು
ಹಾರೆ ನಡುಗಿತು.
ಮೊದಲು ಅಂಚಿನಲ್ಲಿ, ಇಲ್ಲವೆನ್ನುವಷ್ಟು.
ಆಮೇಲೆ ದೊಡ್ಡ ಸುಳಿಯ ಹೊಟ್ಟೆಯಿಂದ ಮರಿ,
ಮರಿಯ ಹೊಟ್ಟೆಯಿಂದ ಮರಿಮರಿ,
ಕೊನೆಯದಕ್ಕೆ ತಿರುಗುವ ತ್ರಾಣವಿಲ್ಲದೆ
ಸುಮ್ಮನೆ ಬೆಚ್ಚಗಾಗುವ ತನಕ.

ತೊಟ್ಟಿಯ ನೀಲಿಗೂ ನನ್ನ ಲೆಕ್ಕಕ್ಕೂ
ನೂರಕ್ಕೆ ಏಳು ವ್ಯತ್ಯಾಸ ಉಳಿದಿದೆ.
ಇರಲಿ.

ಪ್ರಬಂಧದ ತೊಂಬತ್ತೆರಡನೇ ಪುಟದಲ್ಲಿ
ನಡುಕದ ಪ್ರಮಾಣ ಎರಡೇ ಏಕೆ ಎಂಬ ಕಡೆ
"ಅನುಭವದ ಆಧಾರದಿಂದ ಆರಿಸಲಾಗಿದೆ"
ಎಂದು ಬರೆದೆ.
ಯಾರ ಅನುಭವ ಎಂದು
ಗೈಡು ಕೇಳಲಿಲ್ಲ.